ಪೈಕ್ಸ್ ಪೀಕ್: ಟರ್ಬೊಗೂ ಏದುಸಿರು ತರಿಸುವ ಬೆಟ್ಟ

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ನಗರದಲ್ಲಿ ನಿಂತು ಪಶ್ಚಿಮಕ್ಕೆ ಮುಖ ಮಾಡಿದರೆ ಕಣ್ಣು ತುಂಬುವುದು ಪೈಕ್ಸ್ ಪೀಕ್. ಎತ್ತರ 4,302 ಮೀಟರ್. 1806ರಲ್ಲಿ ಜೆಬುಲನ್ ಪೈಕ್ ಎಂಬ ಸೇನಾಧಿಕಾರಿ ಇದನ್ನು ಹತ್ತಲು ಹೊರಟು, ಹಿಮದಲ್ಲಿ ಸೋತು ಹಿಂದಿರುಗಿದ. ಆದರೂ ಬೆಟ್ಟಕ್ಕೆ ಉಳಿದದ್ದು ಹತ್ತಲಾರದವನ ಹೆಸರೇ! ಈಗ ಶುಲ್ಕ ಕೊಟ್ಟವರೆಲ್ಲ ಸುಮಾರು 31 ಕಿಲೋಮೀಟರ್ ಡಾಂಬರು ರಸ್ತೆಯಲ್ಲಿ ಕಾರಿನಲ್ಲೇ ತುದಿ ಮುಟ್ಟಬಹುದು.

ಬೆಟ್ಟದ ವಿಶೇಷ ಗೊತ್ತಾಗುವುದು ಮಾತ್ರ ಬುಡದ ಪೆಟ್ರೋಲ್ ಬಂಕಿನಲ್ಲಿ. ಅಲ್ಲಿನ ಪಂಪುಗಳ ಮೇಲೆ ಸಾಮಾನ್ಯವಾಗಿ 85, 87, 91 ಎಂಬ ಅಂಕಗಳಿರುತ್ತವೆ. ಸಮುದ್ರಮಟ್ಟದ ರಾಜ್ಯಗಳಲ್ಲಿ ಅಗ್ಗದ ಪೆಟ್ರೋಲೇ 87. ಪೂರ್ವದ ಹಲವು ಕಡೆ ದುಬಾರಿಯದು 93. ಇವು ಆಕ್ಟೇನ್ ಅಂಕಗಳು. ಸಿಲಿಂಡರಿನ ಒತ್ತಡ ಮತ್ತು ಶಾಖಕ್ಕೆ ಪೆಟ್ರೋಲು ತಾನಾಗಿಯೇ ಸಿಡಿಯದೆ ಎಷ್ಟು ತಾಳಿಕೊಳ್ಳುತ್ತದೆ ಎಂಬುದರ ಅಳತೆ. (ನಮ್ಮ ಬಂಕುಗಳ 91ಕ್ಕೂ ಅಮೆರಿಕದ 91ಕ್ಕೂ ಹೋಲಿಕೆ ಸಲ್ಲದು. ಅಳೆಯುವ ಕ್ರಮವೇ ಬೇರೆ. ಅವರ 91 ನಮ್ಮ ಲೆಕ್ಕದಲ್ಲಿ 95ರ ಆಸುಪಾಸು.) ಎತ್ತರದಲ್ಲಿ ಗಾಳಿ ತೆಳು, ಸಿಲಿಂಡರಿನೊಳಗಿನ ಒತ್ತಡವೂ ಕಡಿಮೆ. ಹಾಗಾಗಿ ಹಳೆಯ ಕಾಲದ ಸಾದಾ ಎಂಜಿನ್‌ಗೆ 85 ಸಾಕಾಗುತ್ತಿತ್ತು. ಆ ರೂಢಿಯೇ ಉಳಿದುಬಂದಿದೆ.

ಟರ್ಬೊ ಕಾರಿಗೆ ಈ ರಿಯಾಯಿತಿ ಸಲ್ಲುವುದಿಲ್ಲ. ಹೊರಹೋಗುವ ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ, ಗಾಳಿಯನ್ನು ಅದುಮಿ ಒಳಗೆ ತುಂಬುವ ಯಂತ್ರ ಅದು. ಬೆಟ್ಟ ಕಸಿದುಕೊಂಡ ಗಾಳಿಯನ್ನು ಟರ್ಬೊ ಮರಳಿ ತುಂಬುತ್ತದೆ. ಅದರೊಂದಿಗೆ ಸಿಡಿಯುವ ಅಪಾಯವೂ ಮರಳುತ್ತದೆ.

ಚಿಪ್ಪಿನ ಆಯ್ಕೆಯ ಕಥೆ ಶುರುವಾಗುವುದು ಇಲ್ಲಿಂದ. ಪೋರ್ಷೆ 944 ಟರ್ಬೊವನ್ನೇ ನೋಡಿ. 1980ರ ದಶಕದ ಈ ಕಾರಿಗೆ ಎರಡೂವರೆ ಲೀಟರಿನ, ನಾಲ್ಕು ಸಿಲಿಂಡರಿನ ಎಂಜಿನ್. 1986ರ ಮಾದರಿಯ ಶಕ್ತಿ 217 ಅಶ್ವಶಕ್ತಿ. ಒಳಗೆ ಎರಡು ಪುಟ್ಟ ಗಣಕಗಳು. ಒಂದು ಪೆಟ್ರೋಲು ಮತ್ತು ಕಿಡಿಯ ವೇಳೆಯನ್ನು ನೋಡಿಕೊಂಡರೆ ಇನ್ನೊಂದು ಟರ್ಬೊ ಒತ್ತಡವನ್ನು ನಿಭಾಯಿಸುತ್ತ, ಸಿಡಿತದ ಸದ್ದಿಗೆ ಕಿವಿಗೊಟ್ಟಿರುತ್ತದೆ. ಎಷ್ಟು ವೇಗಕ್ಕೆ, ಎಷ್ಟು ಭಾರಕ್ಕೆ ಏನು ಮಾಡಬೇಕೆಂಬ ಮಗ್ಗಿಯೆಲ್ಲ ಚಿಪ್ಪಿನಲ್ಲಿ ಬರೆದಿರುತ್ತದೆ. ಹಳೆಯ ಚಿಪ್ಪಿನ ನೆತ್ತಿಯಲ್ಲಿ ಸ್ಫಟಿಕದ ಪುಟ್ಟ ಕಿಟಕಿ. ಅದರ ಮೂಲಕ ಅತಿನೇರಳೆ ಬೆಳಕು ಹಾಯಿಸಿದರೆ ಬರಹ ಅಳಿಯುತ್ತದೆ, ಹೊಸದಾಗಿ ಬರೆಯಬಹುದು. ಇತ್ತೀಚಿನ ಕಾರುಗಳಲ್ಲಿ ಚಿಪ್ ಕೀಳುವ ಕೆಲಸವಿಲ್ಲ, ತಂತಿ ಸಿಕ್ಕಿಸಿ ತಿದ್ದಿದರಾಯಿತು.

ಕಾರ್ಖಾನೆಯವರು ಕೆಟ್ಟ ಪೆಟ್ರೋಲು, ಸುಡು ಬಿಸಿಲು, ಅಜಾಗರೂಕ ಚಾಲಕ ಎಲ್ಲವನ್ನೂ ನೆನೆದು ಒಂದಷ್ಟು ಅಂತರ ಬಿಟ್ಟಿರುತ್ತಾರೆ. ಹೊಸ ಚಿಪ್ ಮಾರುವವರು ಆ ಅಂತರವನ್ನೇ ಅಶ್ವಶಕ್ತಿ ಎಂದು ಕರೆದು ಮಾರುತ್ತಾರೆ. ಒತ್ತಡ ಏರಿಸುತ್ತಾರೆ, ಕಿಡಿಯನ್ನು ಸ್ವಲ್ಪ ಮುಂಚೆ ಹಾರಿಸುತ್ತಾರೆ. ಇದು ಮೋಸವೇನಲ್ಲ. ಆದರೆ ಪೊಟ್ಟಣದ ಮೇಲಿನ 91, 93, 100 ಎಂಬ ಅಂಕವನ್ನು ಕೊಳ್ಳುವವನು ಓದಬೇಕು. ಪೂರ್ವ ಕರಾವಳಿಯಲ್ಲಿ 93ರ ಚಿಪ್ ಹಾಕಿಸಿದ ಕಾರು ಕೊಲರಾಡೊಗೆ ಬಂದರೆ ಮಾಮೂಲಿ ಬಂಕಿನಲ್ಲಿ ಸಿಗುವ ಅತ್ಯುತ್ತಮ ಪೆಟ್ರೋಲೇ 91. ಸಿಡಿತ ಮುಂದುವರಿದರೆ ಪಿಸ್ಟನ್ನಿಗೆ ತೂತು ಬೀಳುವುದಕ್ಕೆ ಬಹಳ ಹೊತ್ತು ಬೇಕಿಲ್ಲ.

ಎತ್ತರದ ಲೆಕ್ಕ ಇನ್ನೂ ಸ್ವಾರಸ್ಯಕರ. ಎಂಜಿನ್ನಿನೊಳಗೆ 180 ಕಿಲೋಪ್ಯಾಸ್ಕಲ್ ಒತ್ತಡ ಬೇಕು ಎನ್ನಿ. ಸಮುದ್ರಮಟ್ಟದಲ್ಲಿ ಸುಮಾರು 100 ಇರುವುದರಿಂದ ಟರ್ಬೊ ಅದನ್ನು 1.8 ಪಟ್ಟು ಮಾಡಿದರೆ ಸಾಕು. ಪೈಕ್ಸ್ ಪೀಕ್ ತುದಿಯಲ್ಲಿ ಇರುವುದೇ 60ರಷ್ಟು. ಅಲ್ಲಿ ಮೂರು ಪಟ್ಟು ಮಾಡಬೇಕು. ಅದುಮಿದ ಗಾಳಿ ಕಾಯುತ್ತದೆ, ಸೈಕಲ್ ಪಂಪಿನ ತುದಿ ಬಿಸಿಯಾದ ಹಾಗೆ. ಏನೂ ನಷ್ಟವಿಲ್ಲದ ಆದರ್ಶ ಟರ್ಬೊದಲ್ಲೂ, ಕೆಳಗೆ 20 ಡಿಗ್ರಿಯ ಗಾಳಿ 74ಕ್ಕೆ ಏರಿದರೆ, ಮೇಲೆ ಸೊನ್ನೆ ಡಿಗ್ರಿಯ ಗಾಳಿ 101ಕ್ಕೆ ಏರುತ್ತದೆ. ನಿಜವಾದ ಟರ್ಬೊದಲ್ಲಿ ಇನ್ನೂ ಹೆಚ್ಚು. ಸಾಲದ್ದಕ್ಕೆ ಟರ್ಬೊ ಮಿತಿ ಮೀರಿ ತಿರುಗುತ್ತದೆ. ಆದ್ದರಿಂದ ಚಿಪ್ ಗುರಿ ಇಡುವುದು ಒಟ್ಟು ಒತ್ತಡಕ್ಕೋ ಅಥವಾ ಹೊರಗಾಳಿಗಿಂತ ಹೆಚ್ಚಿನ ಒತ್ತಡಕ್ಕೋ ಎಂದು ಕೇಳಲೇಬೇಕು. ಮೊದಲನೆಯದು ಬೆಟ್ಟದಲ್ಲಿ ಟರ್ಬೊವನ್ನು ಸುಸ್ತು ಮಾಡಿಸುತ್ತದೆ. ಎರಡನೆಯದರಲ್ಲಿ ಶಕ್ತಿ ಕುಂದುತ್ತದೆ, ಯಂತ್ರ ಉಳಿಯುತ್ತದೆ.

ಇನ್ನೊಂದು ಜಾಣತನವೂ ಉಂಟು. ಎತ್ತರದ ಊರಿನಲ್ಲಿ ಅಳೆದ ಅಶ್ವಶಕ್ತಿಯನ್ನು ಸಮುದ್ರಮಟ್ಟಕ್ಕೆ 'ಸರಿಪಡಿಸಿ' ಪ್ರಕಟಿಸುವ ವಾಡಿಕೆಯಿದೆ. ಆ ಸೂತ್ರ ಸಾದಾ ಎಂಜಿನ್‌ಗಾಗಿ ಮಾಡಿದ್ದು. ಗಾಳಿಯ ಕೊರತೆಯನ್ನು ತಾನೇ ತುಂಬಿಕೊಳ್ಳುವ ಟರ್ಬೊಗೆ ಅದೇ ಗುಣಾಕಾರ ಹಚ್ಚಿದರೆ ಅಂಕಿ ಉಬ್ಬುತ್ತದೆ. ಜಾಹೀರಾತಿಗೆ ಇದಕ್ಕಿಂತ ಅನುಕೂಲ ಬೇರೇನಿದೆ?

ಬೆಟ್ಟದಲ್ಲಿ ಸ್ಪರ್ಧೆ ಮೊದಲು ನಡೆದದ್ದು 1916ರಲ್ಲಿ. 2,862 ಮೀಟರ್ ಎತ್ತರದಲ್ಲಿ ಹೊರಟು 156 ತಿರುವು ದಾಟಿ ತುದಿ ಸೇರಬೇಕು. ಫ್ರಾನ್ಸಿನ ಮಿಷೆಲ್ ಮೂಟೋನ್ ಎಂಬಾಕೆ 1985ರಲ್ಲಿ ಟರ್ಬೊ ಔಡಿಯಲ್ಲಿ 11 ನಿಮಿಷ 25.39 ಸೆಕೆಂಡಿನಲ್ಲಿ ಏರಿ ದಾಖಲೆ ಬರೆದಳು, ಅದೂ ಜಲ್ಲಿಮಣ್ಣಿನ ರಸ್ತೆಯಲ್ಲಿ. ಡಾಂಬರು ಪೂರ್ತಿಯಾದದ್ದು 2011ರಲ್ಲಿ. 2013ರಲ್ಲಿ ಸೆಬಾಸ್ಟಿಯನ್ ಲೋಬ್ ಟರ್ಬೊ ಪ್ಯೂಜೊದಲ್ಲಿ 8 ನಿಮಿಷ 13.878 ಸೆಕೆಂಡಿಗೆ ತಂದ. 2018ರಲ್ಲಿ ರೊಮೇನ್ ಡುಮಾ 7 ನಿಮಿಷ 57.148 ಸೆಕೆಂಡಿನಲ್ಲಿ ಮೇಲೇರಿದ. ಅವನ ಫೋಕ್ಸ್‌ವ್ಯಾಗನ್ ವಿದ್ಯುತ್ತಿನದು. ಉರಿಸಲು ಗಾಳಿಯೇ ಬೇಡ, ಆಕ್ಟೇನಿನ ಗೊಡವೆಯೂ ಇಲ್ಲ.

ತುದಿಯಲ್ಲಿ ಸಿಗುವ ಡೋನಟ್ ಪ್ರಸಿದ್ಧ. ಎತ್ತರಕ್ಕೆಂದೇ ಹಿಟ್ಟಿನ ಹದ ಬದಲಿಸಿ ಕರಿದದ್ದು. ಅಲ್ಲಿ ಮೆಟ್ಟಿಲು ಹತ್ತಿದರೂ ಮೇಲುಸಿರು ಬರುತ್ತದೆ. ಇಳಿಯುವಾಗ, ಮರಗಳು ಮತ್ತೆ ಕಾಣಿಸಿಕೊಳ್ಳುವ ಗ್ಲೆನ್ ಕೋವ್ ಬಳಿ ಸಿಬ್ಬಂದಿ ಎಲ್ಲ ಕಾರುಗಳನ್ನೂ ತಡೆದು ಬ್ರೇಕಿನ ಬಿಸಿ ಅಳೆಯುತ್ತಾರೆ. ಹೆಚ್ಚು ಕಾದಿದ್ದರೆ ಪಕ್ಕಕ್ಕೆ ನಿಲ್ಲಿಸಿ, ಆರುವವರೆಗೆ ಕಾಯಬೇಕು. ಬಾನೆಟ್ಟಿನ ಕೆಳಗೆ ಯಾವ ಚಿಪ್ ಇದೆಯೆಂದು ಅಲ್ಲಿ ಯಾರೂ ಕೇಳುವುದಿಲ್ಲ.