ಗೋಡೆಯ ಮೇಲಿನ ಕುಂಬಾರ

ನಿಪ್ಪಾಣಿಯ ತಂಬಾಕು, ರಾಯಬಾಗದ ಕಬ್ಬು ಹಿಂದೆ ಬಿಟ್ಟು, ಬೆಳಗಾವಿ, ಹುಬ್ಬಳ್ಳಿ ದಾಟಿ ಮುಂಡಗೋಡಕ್ಕೆ ಬಂದರೆ ಗೋವಿನಜೋಳದ ಹೊಲಗಳಾಚೆ ಹೊಂಬಣ್ಣದ ಶಿಖರಗಳು ಥಳಥಳಿಸುತ್ತವೆ. 1966ರಲ್ಲಿ ಟಿಬೆಟ್ ನಿರಾಶ್ರಿತರಿಗಾಗಿ ಆರಂಭವಾದ ನೆಲೆಯಿದು. ಲ್ಹಾಸಾ ಬಳಿ 15ನೇ ಶತಮಾನದಲ್ಲಿ ಹುಟ್ಟಿದ ಗಾಂಡೆನ್, ಡ್ರೆಪುಂಗ್ ಮಠಗಳು ಇಲ್ಲಿ ಮತ್ತೆ ಬೇರು ಬಿಟ್ಟಿವೆ.

ನಮ್ಮ ಸೀಮೆಗೂ ಬುದ್ಧ ಹತ್ತಿರದವನೇ. 1925ರಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಬಂದಿದ್ದ ಅಂಬೇಡ್ಕರರು 1956ರಲ್ಲಿ ನಾಗಪುರದಲ್ಲಿ ದೀಕ್ಷೆ ಪಡೆದ ಮೇಲೆ ಗಡಿಭಾಗದ ಎಷ್ಟೋ ಮನೆಗಳಲ್ಲಿ ಬುದ್ಧನ ಪಟ ಏರಿತು. ರಾಯಬಾಗದ ನನ್ನ ಚಿಗವ್ವನ ಮನೆಯಲ್ಲೂ ಇದೆ. ಮುಂಡಗೋಡಕ್ಕೆ ಹೋದಾಗ ಅಕ್ಷರ ಬಾರದ ಅವಳೂ ನನ್ನ ಜೊತೆಗಿದ್ದಳು.

ಪ್ರಾರ್ಥನಾ ಮಂದಿರದ ಮೊಗಸಾಲೆಯ ಗೋಡೆಯ ಮೇಲೆ ಭವಚಕ್ರ, ಹುಟ್ಟುಸಾವುಗಳ ಸುತ್ತಿನ ಚಿತ್ರ. ಕೋರೆಹಲ್ಲಿನ ಯಮ ಇಡೀ ಚಕ್ರವನ್ನು ಉಗುರಿನಲ್ಲಿ ಹಿಡಿದಿದ್ದಾನೆ. ನಟ್ಟನಡುವೆ ಹಂದಿ, ಹಾವು, ಹುಂಜ: ಅಜ್ಞಾನ, ದ್ವೇಷ, ಆಸೆ. ಸುತ್ತ ಆರು ಲೋಕಗಳು. ಅಂಚಿನಲ್ಲಿ ಹನ್ನೆರಡು ಚಿತ್ರಗಳು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಚಿಗವ್ವನೇ ಶುರುಮಾಡಿದಳು: “ತಡಿಯೋ ತಮ್ಮಾ. ಕುರುಡಿ ಕೋಲು ಹಿಡಕೊಂಡು ಹೊಂಟಾಳ. ಕುಂಬಾರ ಗಡಿಗಿ ಮಾಡಾಕತ್ತಾನ. ಇಲ್ಲಿ ದೋಣ್ಯಾಗ ಕುಂತಾರ. ಕಡೀಗಿ ಹೆಣ ಹೊತ್ತಾರ. ನಮ್ಮ ಬಾಳೇನೇ ಐತಲ್ಲೋ ಇದು!”

ಪಕ್ಕದಲ್ಲಿದ್ದ ಭಿಕ್ಷು ಕನ್ನಡದಲ್ಲೇ ಹೇಳಿದರು: “ಹೌದಮ್ಮಾ. ಆ ಕುಂಬಾರ ನಾವೇ. ನಾವು ಮಾಡೋ ಒಂದೊಂದು ಕೆಲಸವೂ ಒಂದೊಂದು ಗಡಿಗೆ.”

ಮೈ ಜುಮ್ಮೆಂದಿತು. ಚಿತ್ರ ಹೀಗೆ ಮಾತಾಡುವುದನ್ನು ಕಂಡು ಹಳೆಯ ಕಥೆಯೊಂದು ನೆನಪಾಯಿತು. ಬಟ್ಟೆಯ ಮೇಲೆ ಬುದ್ಧನನ್ನು ಬರೆದ ಆ ಕಥೆ ಬೌದ್ಧ ಕಥಾಸಂಕಲನ ದಿವ್ಯಾವದಾನದಲ್ಲಿದೆ. ದೂರದ ರಾಜ ರುದ್ರಾಯಣ ಕಳಿಸಿದ ರತ್ನಕವಚಕ್ಕೆ ಪ್ರತಿಯಾಗಿ ಏನು ಕೊಡಲಿ ಎಂದು ಮಗಧದ ರಾಜ ಬಿಂಬಿಸಾರ ಕೇಳಿದಾಗ, ಪಟದಲ್ಲಿ ತನ್ನ ಚಿತ್ರ ಬರೆಸಿ ಕಳಿಸೆಂದ ಬುದ್ಧ. ಚಿತ್ರಕಾರರಿಗೆ ಆ ರೂಪ ಕೈಗೆ ಸಿಗಲಿಲ್ಲ. ಬುದ್ಧನೇ ಬಟ್ಟೆಯ ಮೇಲೆ ನೆರಳು ಚೆಲ್ಲಿದ. ಅವರು ಅದಕ್ಕೆ ಬಣ್ಣ ತುಂಬಿದರು.

ಬಟ್ಟೆಯ ಮೇಲಿನ ಟಿಬೆಟ್ ಚಿತ್ರವಾದ ಥಂಕಾ ಬರೆಯುವವರ ಕೈಯಲ್ಲಿ ಆ ಚಿತ್ರಕಾರರ ಶ್ರದ್ಧೆ ಇಂದಿಗೂ ಇದೆ. ಹತ್ತಿಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಅಂಟು ಬೆರೆಸಿದ ಸೀಮೆಸುಣ್ಣದ ಪುಡಿ ಬಳಿದು, ನುಣುಪಾಗುವವರೆಗೆ ಕಲ್ಲಿನಿಂದ ಉಜ್ಜುತ್ತಾರೆ. ಶಾಸ್ತ್ರದ ಅಳತೆಗೆ ಗೆರೆ ಎಳೆದು, ಖನಿಜದ ನೀಲಿ, ಹಸಿರು, ಇಂಗುಲಿಕದ ಕೆಂಪು ತುಂಬಿ, ಬಂಗಾರದ ರೇಖೆ ಕೊಡುತ್ತಾರೆ. ಕಣ್ಣು ಬರೆಯುವುದು ಕಟ್ಟಕಡೆಗೆ.

ಬುದ್ಧನನ್ನು ಕಾಣಲಾಗದ ರಾಜನಿಗಾಗಿ ಹುಟ್ಟಿದ ಕಲೆ, ಪುಸ್ತಕ ಓದಲಾಗದ ನನ್ನ ಚಿಗವ್ವನಿಗೂ ಅಷ್ಟೇ ಸಲೀಸಾಗಿ ದಕ್ಕಿತು. ಅಥಣಿ, ಕಾಗವಾಡದಿಂದ ಮಕ್ಕಳ ಪ್ರವಾಸ ಹೊರಟಾಗ ಈ ಮೊಗಸಾಲೆಗೂ ಅವರನ್ನು ಕರೆತನ್ನಿ. ಮನೆಯಲ್ಲಿ ಅಜ್ಜಿಯಿದ್ದರೆ ಅವಳನ್ನೂ.