ನಾನು ಬರೆಯದೆ ಬಿಟ್ಟ ಸಾಲು

2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗ ಆ ಸುದ್ದಿಯನ್ನು ನಮ್ಮ ಜಿಲ್ಲಾ ಪುಟಕ್ಕೆ ಕಳಿಸಿದವನು ನಾನೇ. ಎಂಟೇ ಸಾಲು. ಹುದ್ದೆ ಎಷ್ಟು, ಕಲ್ಯಾಣ ಕರ್ನಾಟಕಕ್ಕೆ ಎಷ್ಟು, ಕೊನೆಯ ದಿನ ಯಾವುದು. ತಪ್ಪೇನೂ ಇರಲಿಲ್ಲ. ಅದನ್ನು ಓದಿ ಅರ್ಜಿ ಹಾಕಿದವರಲ್ಲಿ ನನ್ನ ತಂಗಿಯೂ ಒಬ್ಬಳು.

ಬಿ.ಇಡಿ ಮುಗಿಸಿ ನಾಲ್ಕು ವರ್ಷದಿಂದ ಪಕ್ಕದ ಊರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ಟಿಇಟಿ ಪಾಸಾಗಿತ್ತು. ಪರೀಕ್ಷೆ ಬರೆದಳು, ದಾಖಲೆ ಪರಿಶೀಲನೆಗೆ ಕರೆಯೂ ಬಂತು. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿದವಳಾದ್ದರಿಂದ ಗ್ರಾಮೀಣ ಮೀಸಲಾತಿ ಕೇಳಿದ್ದಳು. ಆದರೆ ಪ್ರಮಾಣಪತ್ರ ಮಾಡಿಸಿದ್ದು ಕರೆ ಬಂದ ಮೇಲೆ. ಅದರಲ್ಲಿದ್ದ ಬಿಇಒ ಮೇಲುಸಹಿಯ ತಾರೀಖು ಅರ್ಜಿಯ ಕೊನೆಯ ದಿನದ ನಂತರದ್ದು. ಮೇಜಿನ ಆಚೆ ಕೂತವರು ಗ್ರಾಮೀಣ ಎಂಬಲ್ಲಿ ಗೀಟು ಹಾಕಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಅವಳು ನನ್ನನ್ನು ಬೈಯಲಿಲ್ಲ. "ಅಣ್ಣಾ, ನೀ ಬರದ ಸುದ್ದಿ ಓದೇ ನಾ ಅರ್ಜಿ ಹಾಕಿದ್ದು" ಅಂದಳು, ಅಷ್ಟೇ. ಅಧಿಸೂಚನೆಯ ಪ್ರತಿ ನನ್ನ ಮೊಬೈಲಿನಲ್ಲೇ ಇತ್ತು. ತಾರೀಖಿನ ಷರತ್ತು ಅದರಲ್ಲಿ ಸ್ಪಷ್ಟವಾಗಿತ್ತು. ನಾನು ಮೊದಲ ಎರಡು ಪುಟ ಓದಿ ಸುದ್ದಿ ಮಾಡಿದ್ದೆ.

ಆಮೇಲಿನಿಂದ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಕಾಗದದ ಮಾತನ್ನೇ. ಅಧಿಸೂಚನೆಗೆ ಕಾಯಬೇಡಿ, ಈಗಲೇ ಫೈಲ್ ಮಾಡಿಡಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ ಬೇಕಾದರೆ ಓದಿದ ಶಾಲೆಗೇ ಹೋಗಬೇಕು. ಎರಡು ಮೂರು ಶಾಲೆಯಲ್ಲಿ ಓದಿದ್ದರೆ ಅಷ್ಟೂ ಕಡೆ ಅಲೆಯಬೇಕು, ರಜೆಯಲ್ಲಿ ಮುಖ್ಯ ಶಿಕ್ಷಕರು ಸಿಗುವುದಿಲ್ಲ. ನಮ್ಮ ಭಾಗದವರಿಗೆ 371(ಜೆ) ಪ್ರಮಾಣಪತ್ರಕ್ಕೆ ಉಪವಿಭಾಗಾಧಿಕಾರಿ ಕಚೇರಿಯ ದಾರಿ ಬೇರೆ. 2ಎ, 2ಬಿ, 3ಎ, 3ಬಿ ಪ್ರವರ್ಗದವರ ಜಾತಿ–ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಮಾತ್ರ. ಮದುವೆಯಾದ ಹೆಣ್ಣುಮಕ್ಕಳು ತಂದೆಯದು ಕೊಡಬೇಕೋ ಗಂಡನದೋ ಎಂಬ ತಕರಾರು ಇದೇ ನೇಮಕಾತಿಯಲ್ಲಿ ಹೈಕೋರ್ಟ್‌ವರೆಗೆ ಹೋಗಿ, ಆಯ್ಕೆಯಾದವರೆಲ್ಲ ತಿಂಗಳುಗಟ್ಟಲೆ ಕಾಯಬೇಕಾಯಿತು. ಆದ್ದರಿಂದ ಪ್ರತಿ ಅಧಿಸೂಚನೆಯಲ್ಲೂ ಆ ಭಾಗವನ್ನು ಹೊಸದಾಗಿಯೇ ಓದಬೇಕು.

ಎರಡನೆಯದು ಟಿಇಟಿ. 150ಕ್ಕೆ 90 ಬಂದರೆ ಪಾಸು. ಪರಿಶಿಷ್ಟರಿಗೆ, ಪ್ರವರ್ಗ–1ರವರಿಗೆ, ಅಂಗವಿಕಲರಿಗೆ ಶೇ 55 ಸಾಕು. ಪ್ರಮಾಣಪತ್ರ ಈಗ ಜೀವನಪರ್ಯಂತ ನಡೆಯುತ್ತದೆ. ಹಾಗಾಗಿ ಪಾಸಾದವರು ಮತ್ತೆ ಆ ಕಡೆ ತಿರುಗಿ ನೋಡುವುದಿಲ್ಲ. ಆದರೆ ನೇಮಕಾತಿಯಲ್ಲಿ ಟಿಇಟಿ ಅಂಕಕ್ಕೂ ತೂಕ ಕೊಡಬೇಕೆಂದು ಎನ್‌ಸಿಟಿಇ ಮಾರ್ಗಸೂಚಿಯೇ ಹೇಳುತ್ತದೆ, ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಲೂ ಅವಕಾಶವಿದೆ. 92 ಬಂದಿದ್ದರೆ ಇನ್ನೊಮ್ಮೆ ಬರೆಯಿರಿ.

ಮೂರನೆಯದು ಕೈಬರಹ. ಕೋಚಿಂಗ್‌ನಲ್ಲಿ ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕುವುದನ್ನು ಕಲಿಸುತ್ತಾರೆ. 2022ರ ಪರೀಕ್ಷೆಯಲ್ಲಿ ವಿವರಿಸಿ ಬರೆಯುವ ಪ್ರಶ್ನೆಗಳೂ ಇದ್ದವು, ಕೊನೆಗೆ 15,000 ಹುದ್ದೆಯೂ ತುಂಬಲಿಲ್ಲ. ದಿನಕ್ಕೊಂದು ಉತ್ತರವನ್ನು ಗಡಿಯಾರ ಇಟ್ಟುಕೊಂಡು ಬರೆದು, ಬೇರೆಯವರಿಗೆ ತೋರಿಸುವುದು ಖರ್ಚಿಲ್ಲದ ಕೋಚಿಂಗ್.

ಅತಿಥಿ ಶಿಕ್ಷಕಿಯಾಗಿ ಕಳೆದ ವರ್ಷಗಳು ವ್ಯರ್ಥ ಎಂದು ತಂಗಿ ಆಗ ಅಳುತ್ತಿದ್ದಳು. ಅದು ಸುಳ್ಳೆಂದು ಗೊತ್ತಾಗಿದ್ದು ಒಂದು ಖಾಸಗಿ ಪ್ರೌಢಶಾಲೆಯ ಡೆಮೊ ತರಗತಿಯಲ್ಲಿ. ಅವಳಿಗಿಂತ ಮೊದಲು ಹೋದ ಇಬ್ಬರು ಹಿಂದಿನ ಬೆಂಚಿನಲ್ಲಿ ಕೂತ ಆಡಳಿತ ಮಂಡಳಿಯವರನ್ನೇ ನೋಡುತ್ತ ಪಾಠ ಮಾಡಿದರಂತೆ. ಇವಳು ಒಳಗೆ ಹೋದವಳೇ ಮಕ್ಕಳ ಹೆಸರು ಕೇಳಿದಳು, ಒಬ್ಬ ಹುಡುಗನನ್ನು ಬೋರ್ಡಿಗೆ ಕರೆದು ಲೆಕ್ಕ ಮಾಡಿಸಿದಳು, ಅವನು ಎಡವಿದ ಕಡೆಯಿಂದ ಪಾಠ ಶುರು ಮಾಡಿದಳು. ಐದು ತರಗತಿಯನ್ನು ಇಬ್ಬರೇ ನೋಡಿಕೊಂಡ ಶಾಲೆಯಲ್ಲಿ ಬಂದ ರೂಢಿ ಅದು. ಅಲ್ಲೇ ಕೆಲಸವಾಯಿತು. ಮೊದಲ ಬಾರಿಗೆ ಪೂರ್ಣಾವಧಿಯ ಕೆಲಸ. ಸಂಬಳ ಸರ್ಕಾರಿ ಶಿಕ್ಷಕರದ್ದರ ಹತ್ತಿರಕ್ಕೂ ಬರುವುದಿಲ್ಲ, ಆದರೆ ಮುಂದಿನ ಜೂನ್‌ನಲ್ಲಿ ಕರೆಯುತ್ತಾರೋ ಇಲ್ಲವೋ ಎಂಬ ಚಿಂತೆ ಇಲ್ಲ.

ಸರ್ಕಾರಿ ನೌಕರಿಯ ಆಸೆಯನ್ನು ಅವಳಿನ್ನೂ ಬಿಟ್ಟಿಲ್ಲ. ಟ್ರಂಕಿನಲ್ಲಿ ನೀಲಿ ಫೈಲ್ ಇದೆ. ಪ್ರತಿ ಪ್ರಮಾಣಪತ್ರದ ಮೇಲೆ ಅವಧಿ ಮುಗಿಯುವ ತಾರೀಖನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಅಂಟಿಸಿದ್ದಾಳೆ.

ನಾನೂ ಈಗ ನೇಮಕಾತಿ ಸುದ್ದಿಗೆ ಒಂಬತ್ತನೇ ಸಾಲು ಸೇರಿಸುತ್ತೇನೆ: ಮೀಸಲಾತಿ ಪ್ರಮಾಣಪತ್ರಗಳನ್ನು ಅರ್ಜಿಯ ಕೊನೆಯ ದಿನದೊಳಗೇ ಪಡೆದಿರಬೇಕು. ಜಾಗವಿಲ್ಲವೆಂದು ಡೆಸ್ಕಿನವರು ಕೆಲವೊಮ್ಮೆ ಅದನ್ನೇ ಕತ್ತರಿಸುತ್ತಾರೆ. ಆಗ ತಾಲ್ಲೂಕಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ನಾನೇ ಹಾಕುತ್ತೇನೆ. ನೀವೂ ನಿಮ್ಮ ಜಿಲ್ಲೆಯಿಂದ ಇಂಥ ಸುದ್ದಿ ಕಳಿಸುವಾಗ ಆ ಸಾಲು ಬಿಡಬೇಡಿ.