ಸುವಾರ್ತೆಗಳಲ್ಲಿ ಒಂದು ದಿನದ ಅಂತರ

ಯೇಸುವನ್ನು ಶಿಲುಬೆಗೇರಿಸಿದ್ದು ಸಬ್ಬತ್ತಿನ ಹಿಂದಿನ ದಿನ, ಅಂದರೆ ಶುಕ್ರವಾರ, ಎಂಬಲ್ಲಿ ನಾಲ್ಕು ಸುವಾರ್ತೆಗಳಿಗೂ ಒಮ್ಮತವಿದೆ. ಆ ಶುಕ್ರವಾರ ಪಸ್ಕ ಹಬ್ಬದ ಯಾವ ದಿನ ಎಂದು ಕೇಳಿದೊಡನೆ ಒಮ್ಮತ ಮುರಿಯುತ್ತದೆ. ಮಾರ್ಕನ 14ನೆಯ ಅಧ್ಯಾಯದಲ್ಲಿ ಪಸ್ಕದ ಕುರಿಮರಿಯನ್ನು ಕೊಯ್ಯುವ ದಿನದಂದು ಶಿಷ್ಯರು ಊಟದ ಸಿದ್ಧತೆ ಮಾಡುತ್ತಾರೆ, ಸಂಜೆ ಯೇಸು ಅವರೊಡನೆ ಪಸ್ಕದ ಭೋಜನಕ್ಕೆ ಕೂರುತ್ತಾನೆ, ಬೆಳಗಾದರೆ ಶಿಲುಬೆ. ಮತ್ತಾಯ, ಲೂಕರೂ ಇದೇ ಕ್ರಮವನ್ನು ಅನುಸರಿಸುತ್ತಾರೆ. ಯೋಹಾನನಲ್ಲಾದರೋ, ಯೇಸುವನ್ನು ಪಿಲಾತನ ಬಳಿಗೆ ಎಳೆದು ತಂದವರು ಅರಮನೆಯ ಒಳಗೆ ಕಾಲಿಡುವುದಿಲ್ಲ. ಮೈಲಿಗೆಯಾದರೆ ಪಸ್ಕದ ಊಟ ಮಾಡುವಂತಿಲ್ಲ ಎಂಬುದು ಅವರ ಅಂಜಿಕೆ. ಎಂದರೆ ಹಬ್ಬದೂಟ ಇನ್ನೂ ಮುಂದಿದೆ.

ಹೊತ್ತಿನ ಲೆಕ್ಕವೂ ಹೊಂದುವುದಿಲ್ಲ. ಮಾರ್ಕನ ಪ್ರಕಾರ ಶಿಲುಬೆಗೇರಿಸಿದ್ದು ಹಗಲಿನ ಮೂರನೆಯ ತಾಸಿನಲ್ಲಿ, ಈಗಿನ ಎಣಿಕೆಯಲ್ಲಿ ಬೆಳಿಗ್ಗೆ ಸುಮಾರು 9 ಗಂಟೆಗೆ. ಯೋಹಾನನ ಪ್ರಕಾರ ಸುಮಾರು ಆರನೆಯ ತಾಸಿನಲ್ಲಿ, ಅಂದರೆ ನಡುಹಗಲಿನಲ್ಲಿ, ಯೇಸು ಇನ್ನೂ ಪಿಲಾತನ ಎದುರಿನಲ್ಲಿಯೇ ನಿಂತಿದ್ದಾನೆ. ಕೆಲವು ಲಿಪಿಕಾರರು ಯೋಹಾನನ 'ಆರು' ಎಂಬುದನ್ನು 'ಮೂರು' ಎಂದು ತಿದ್ದಿ ಬರೆದದ್ದು ಗ್ರೀಕ್ ಹಸ್ತಪ್ರತಿಗಳಲ್ಲಿ ಉಳಿದುಬಂದಿದೆ. ಕ್ಲಿಷ್ಟಪಾಠವೇ ಮೂಲಪಾಠವಾಗಿರುವ ಸಂಭವ ಹೆಚ್ಚು ಎಂಬ ಗ್ರಂಥಸಂಪಾದನೆಯ ನಿಯಮಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ನಾಲ್ಕನ್ನೂ ಬೆಸೆದು ಒಂದೇ ಕಥನವಾಗಿಸುವ ಯತ್ನವೂ ಬಹಳ ಹಳೆಯದು. ಎರಡನೆಯ ಶತಮಾನದಲ್ಲಿ ತಾಷಿಯನ್ ರಚಿಸಿದ 'ದಿಯಾತೆಸ್ಸರೋನ್' ಸಿರಿಯಾ ಪ್ರಾಂತದ ಚರ್ಚುಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಐದನೆಯ ಶತಮಾನದಲ್ಲಿ ಬಿಷಪ್ ಥಿಯೊಡೊರೆಟ್ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ಆ ಸ್ಥಳದಲ್ಲಿ ನಾಲ್ಕು ಸುವಾರ್ತೆಗಳನ್ನು ಇರಿಸಿದ. ವಿರೋಧ ಕಾಣುತ್ತದೆಂದು ತಿಳಿದೂ ಚರ್ಚು ನಾಲ್ಕನ್ನೇ ಉಳಿಸಿಕೊಂಡಿತು ಎಂಬುದು ಸಣ್ಣ ಸಂಗತಿಯಲ್ಲ.

ಸುಮಾರು 400ರ ಹೊತ್ತಿಗೆ ಸುವಾರ್ತೆಗಳ ಸಾಮರಸ್ಯವನ್ನು ಕುರಿತೇ ಒಂದು ಗ್ರಂಥ ಬರೆದ ಅಗಸ್ಟಿನ್ ತಾಸಿನ ತೊಡಕನ್ನು ಬಿಡಿಸಿದ ಬಗೆ ವಿಚಿತ್ರವಾದುದು. ಮೂರನೆಯ ತಾಸಿನಲ್ಲಿ ಯೆಹೂದ್ಯರು ನಾಲಗೆಯಿಂದ ಶಿಲುಬೆಗೇರಿಸಿದರು, ಆರನೆಯ ತಾಸಿನಲ್ಲಿ ಸೈನಿಕರು ಕೈಯಿಂದ ಏರಿಸಿದರು ಎಂಬುದು ಅವನ ಸಮಾಧಾನ. ಎರಡು ಅಂಕಿಗಳು ಕೂಡಿಕೊಂಡವು, ನಿಜ. ಆದರೆ ಅದಕ್ಕಾಗಿ ಕೊಲೆಯ ಮೊದಲ ಭಾರವನ್ನು ಒಂದು ಜನಾಂಗದ ನಾಲಗೆಯ ಮೇಲೆ ಹೊರಿಸಬೇಕಾಯಿತು. ಆ ಆರೋಪ ಮುಂದಿನ ಶತಮಾನಗಳ ಯೂರೋಪಿನಲ್ಲಿ ಏನೇನು ಮಾಡಿಸಿತೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದಿದೆ. ಇದಕ್ಕೆ ಹೋಲಿಸಿದರೆ 1957ರಲ್ಲಿ ಆನಿ ಜೋಬೇರ್ ಎಂಬ ಫ್ರೆಂಚ್ ವಿದುಷಿ ಮುಂದಿಟ್ಟ ಊಹೆ ನಿರುಪದ್ರವಿ: ಯೇಸು ಕುಮ್ರಾನ್ ಪಂಥದವರ ಸೌರ ಪಂಚಾಂಗದಂತೆ ಮಂಗಳವಾರವೇ ಪಸ್ಕ ಆಚರಿಸಿದ ಎಂದು ಆಕೆ ವಾದಿಸಿದರು. ಜಾಣ ವಾದವೇ ಸರಿ. ಆದರೆ ಯಾವ ಸುವಾರ್ತಾಕಾರನೂ ಎರಡು ಪಂಚಾಂಗಗಳ ಮಾತೆತ್ತುವುದಿಲ್ಲ.

ಯೋಹಾನನನ್ನು ಅವನ ಕೃತಿಯೊಳಗೇ ಓದಿದರೆ ಬೇರೆ ದಾರಿ ತೆರೆದುಕೊಳ್ಳುತ್ತದೆ. ಮೊದಲ ಅಧ್ಯಾಯದಲ್ಲಿಯೇ ಯೇಸುವಿಗೆ 'ದೇವರ ಕುರಿಮರಿ' ಎಂಬ ಹೆಸರು ಸಲ್ಲುತ್ತದೆ. ಪಸ್ಕದ ಕುರಿಮರಿಯ ಎಲುಬನ್ನು ಮುರಿಯಬಾರದೆಂಬ ವಿಧಿಯನ್ನು ನೆನಪಿಸುವಂತೆ ಕೊನೆಯಲ್ಲಿ ಅವನ ಕಾಲುಗಳನ್ನು ಮುರಿಯದೆ ಬಿಡುತ್ತಾರೆ. ದೇವಾಲಯದಲ್ಲಿ ಕುರಿಮರಿಗಳನ್ನು ಕೊಯ್ಯುವ ಅಪರಾಹ್ಣದಲ್ಲಿಯೇ ಯೋಹಾನನ ಯೇಸು ಸಾಯುತ್ತಾನೆ. ಮಾರ್ಕನಿಗೆ ಮುಖ್ಯವಾದುದು ಪಸ್ಕದ ಊಟ. ಯೋಹಾನನಿಗೆ ಪಸ್ಕದ ಬಲಿ. ಇಬ್ಬರಲ್ಲಿ ಒಬ್ಬನ ತೇದಿ ತಪ್ಪಿರಲೇಬೇಕು. ಅದನ್ನು ಒಪ್ಪಿಕೊಂಡ ಮೇಲೆಯೇ ಇಬ್ಬರ ಅರ್ಥವೂ ಪೂರ್ತಿಯಾಗಿ ದಕ್ಕುತ್ತದೆ.

ಕನ್ನಡದ ಪುರಾಣ ಓದುಗರಿಗೆ ಈ ಇಕ್ಕಟ್ಟು ಹೊಸದಲ್ಲ. ಗುಣಭದ್ರನ 'ಉತ್ತರಪುರಾಣ'ದಲ್ಲಿ ಸೀತೆ ರಾವಣ ಮಂಡೋದರಿಯರ ಮಗಳು; ವಿಮಲಸೂರಿ, ರವಿಷೇಣರಲ್ಲಿ ಜನಕನ ಮಗಳು. ನಾಗಚಂದ್ರ ಎರಡನೆಯದನ್ನು ಹಿಡಿದ, ಚಾವುಂಡರಾಯ ಮೊದಲನೆಯದನ್ನು. ಎರಡನ್ನೂ ಬೆಸೆಯಲು ಸೀತೆಯರಿಬ್ಬರಿದ್ದರೆಂದು ಯಾರೂ ಹೇಳಲಿಲ್ಲ. ಇಂಥಲ್ಲಿ ಅನೇಕಾಂತವಾದವನ್ನು ಎಳೆದು ತಂದು ಎಲ್ಲವೂ ಒಂದೊಂದು ನಯದಿಂದ ಸತ್ಯ ಎಂದುಬಿಡುವ ಅಭ್ಯಾಸವೊಂದಿದೆ. ಅದು ಆ ಸಿದ್ಧಾಂತದ ದುರುಪಯೋಗ. ಒಂದೇ ಅಪೇಕ್ಷೆಯಿಂದ ಒಂದೇ ಮರಣ ಎರಡು ತೇದಿಗಳಲ್ಲಿ ನಡೆಯಿತೆಂದು ಸ್ಯಾದ್ವಾದವೂ ಹೇಳುವುದಿಲ್ಲ.

ಭಿನ್ನತೆಯನ್ನು ಬಾಯಿಬಿಟ್ಟು ಹೇಳಿದವರಿಗೆ ದಂಡ ತಪ್ಪಲಿಲ್ಲ. 1835ರಲ್ಲಿ 'ಯೇಸುವಿನ ಜೀವನ'ವನ್ನು ಪ್ರಕಟಿಸಿದ ಡೇವಿಡ್ ಸ್ಟ್ರೌಸ್ ಟ್ಯೂಬಿಂಗನ್ನಿನ ಹುದ್ದೆಯನ್ನು ಕಳೆದುಕೊಂಡರು. 1839ರಲ್ಲಿ ಜೂರಿಚ್ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. ಜನ ದಂಗೆಯೆದ್ದುದರಿಂದ ಪಾಠ ಆರಂಭಿಸುವ ಮೊದಲೇ ಪಿಂಚಣಿ ಕೊಟ್ಟು ಬಿಡುಗಡೆ ಮಾಡಿತು. ಅವರ ಶಿಷ್ಯ ಹೆರ್ಮನ್ ಗುಂಡರ್ಟ್ ಮಲಬಾರಿಗೆ ಬಂದು ಮಲಯಾಳಂ ನಿಘಂಟನ್ನು ರಚಿಸಿದರು. ಅದೇ ಟ್ಯೂಬಿಂಗನ್ನಿನಲ್ಲಿ ಓದಿದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು.

ಆ ಒಂದು ದಿನದ ಅಂತರ ಇಂದಿಗೂ ರೊಟ್ಟಿಯಲ್ಲಿ ಉಳಿದಿದೆ. ಕೊನೆಯ ಭೋಜನ ಪಸ್ಕದ್ದೇ ಆಗಿದ್ದರೆ ಆ ರೊಟ್ಟಿಗೆ ಹುಳಿ ಸೇರಿರಲಾರದು ಎಂದು ಪಶ್ಚಿಮದ ಚರ್ಚು ವಾದಿಸಿತು. ಪೂರ್ವದವರು ಯೋಹಾನನನ್ನು ಮುಂದಿಟ್ಟು, ಹಬ್ಬ ಇನ್ನೂ ಬಂದಿರಲಿಲ್ಲ ಎಂದರು. 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಬೇರೆಯಾದಾಗ ಈ ಜಗಳವೂ ಅದರಲ್ಲಿ ಒಂದಾಗಿತ್ತು. ಮಂಗಳೂರಿನ ರೋಮನ್ ಕಥೋಲಿಕರ ಪೂಜೆಯಲ್ಲಿ ಹುಳಿಯಿಲ್ಲದ ತೆಳ್ಳನೆಯ ಬಿಲ್ಲೆ; ಕೇರಳದ ಮಲಂಕರ ಆರ್ಥೊಡಾಕ್ಸ್ ಚರ್ಚಿನ ಕುರ್ಬಾನದಲ್ಲಿ ಹುಳಿ ಬಂದು ಉಬ್ಬಿದ ರೊಟ್ಟಿ.